ನಮ್ಮ ಬರೆಹಕ್ಕೆ ನಮ್ಮದೇ ಮನೆ

ಕಳೆದ ತಿಂಗಳು ನೆರೆದ ಸಂಘದ ಕಾರ್ಯಕಾರೀ ಸಮಿತಿಯಲ್ಲಿ ಒಂದು ಸೂಚನೆಯು ಬಂದಿತು. ನಮ್ಮ ಪತ್ರಿಕೆಯ ಹಳೆಯ ಸಂಚಿಕೆಗಳನ್ನೆಲ್ಲ ಒಂದು ದೊಡ್ಡ ಕಂಪನಿಯ ಸಾಮಾಜಿಕ ಜಾಲದಲ್ಲಿ ಏರಿಸಿಬಿಡೋಣ. ಅಲ್ಲಿ ಜನರಿದ್ದಾರೆ, ಖರ್ಚಿಲ್ಲ. ಸಂಘವು ಬೇರೆ ಜಾಲತಾಣವನ್ನು ಇಟ್ಟುಕೊಳ್ಳುವ ಗೋಜೇ ಬೇಡ, ಎಂಬುದು ಅದರ ತಾತ್ಪರ್ಯ. ಸೂಚಿಸಿದವರು ನಮ್ಮ ಗೌರವಕ್ಕೆ ಪಾತ್ರರಾದ ಮಹನೀಯರು. ಅವರ ಭಾಷಾಭಿಮಾನದಲ್ಲಿ ನಮಗೆ ಲೇಶವೂ ಸಂದೇಹವಿಲ್ಲ. ಆದರೆ ಈ ಸೂಚನೆಯನ್ನು ನಾವು ಒಪ್ಪಲಾರೆವು. ವಾರ್ಷಿಕ ಸಭೆಯಲ್ಲಿ ಇದು ತೀರ್ಮಾನವಾಗತಕ್ಕುದಾದುದರಿಂದ, ಅದಕ್ಕೆ ಮೊದಲೇ ನಮ್ಮ ಕಾರಣಗಳನ್ನು ವಾಚಕರ ಮುಂದಿಡುವುದು ಕರ್ತವ್ಯವೆಂದು ಬಗೆದಿದ್ದೇವೆ.

ಮೊದಲು ಒಂದು ದುಃಖದ ಸಂಗತಿ. ನಮ್ಮ ಮಿತ್ರರೊಬ್ಬರು ಹನ್ನೊಂದು ವರ್ಷ ಊರೂರು ತಿರುಗಿ, ಹೊಲಗದ್ದೆಗಳ ಹೆಸರು, ಕೆರೆಗಳ ಹೆಸರು, ಹಾಳುಬಿದ್ದ ಗ್ರಾಮಗಳ ಹೆಸರುಗಳನ್ನು ಮುದುಕರ ಬಾಯಿಂದ ಕೇಳಿ ಬರೆದಿಟ್ಟಿದ್ದರು. ಬರೆದುದನ್ನೆಲ್ಲ ಒಂದು ಕಂಪನಿಯು ಬಿಟ್ಟಿಯಾಗಿ ಕೊಟ್ಟ ಜಾಲಸ್ಥಳದಲ್ಲಿಯೇ ನೇರವಾಗಿ ಅಚ್ಚಿಸುತ್ತಿದ್ದರು, ತಮ್ಮಲ್ಲಿ ಪ್ರತಿಯನ್ನಿಟ್ಟುಕೊಳ್ಳಲಿಲ್ಲ. ಅವರು ತೀರಿಕೊಂಡ ಮರುವರ್ಷ ಆ ಕಂಪನಿಯು ಆ ವ್ಯವಹಾರವನ್ನು ನಿಲ್ಲಿಸಿತು. ಬೇಕಾದವರು ಇಂತಿಷ್ಟು ದಿನದೊಳಗೆ ಪ್ರತಿ ತೆಗೆದುಕೊಳ್ಳಬೇಕೆಂಬ ಸೂಚನೆಯು ಅವರ ಮಿಂಚಂಚೆಗೆ ಹೋಯಿತು. ಅದರ ಪಾಸ್‌ವರ್ಡ್ ಅವರೊಡನೆಯೇ ಹೋಗಿದ್ದಿತು. ಸುದ್ದಿ ತಿಳಿದು ಅವರ ಮಗಳು ನಮ್ಮಲ್ಲಿಗೆ ಬಂದಾಗ ಕಾಲ ಮಿಂಚಿತ್ತು. ಹೆಸರು ಹೇಳಿದ ಮುದುಕರೂ ಈಗಿಲ್ಲ, ಬರೆದವರೂ ಇಲ್ಲ, ಬರೆಹವೂ ಇಲ್ಲ.

ಇದು ಒಬ್ಬರ ದುರದೃಷ್ಟವೆಂದು ತಳ್ಳಿಹಾಕುವಂತಿಲ್ಲ. ಲಕ್ಷಾಂತರ ಜನರ ಪುಟಗಳಿಗೆ ನೆಲೆಯಾಗಿದ್ದ ಜಿಯೋಸಿಟೀಸ್ 2009ರಲ್ಲಿ ಮುಚ್ಚಿತು. ನಮ್ಮ ದೇಶದ ತರುಣರೆಲ್ಲ ಒಂದು ಕಾಲಕ್ಕೆ ಮುತ್ತಿಕೊಂಡಿದ್ದ ಆರ್ಕುಟ್ 2014ರ ಸೆಪ್ಟೆಂಬರಿನಲ್ಲಿ ನಿಂತಿತು. ಗೂಗಲ್ ಪ್ಲಸ್ 2019ರ ಏಪ್ರಿಲಿನಲ್ಲಿ ಸಾರ್ವಜನಿಕರಿಗೆ ಬಾಗಿಲು ಹಾಕಿತು. ಅದೇ 2019ರಲ್ಲಿ ಮೈಸ್ಪೇಸ್, ಒಂದು ಸರ್ವರಿನಿಂದ ಮತ್ತೊಂದಕ್ಕೆ ಸಾಗಿಸುವಾಗ, ಮೂರು ವರ್ಷಕ್ಕೂ ಹಿಂದೆ ಜನರು ಏರಿಸಿದ್ದ ಹಾಡುಗಳೂ ಚಿತ್ರಗಳೂ ಕಳೆದುಹೋಗಿರಬಹುದೆಂದು ಒಪ್ಪಿಕೊಂಡಿತು. ಈ ಕಂಪನಿಗಳನ್ನು ನಾವು ದೂಷಿಸುತ್ತಿಲ್ಲ. ಅಂಗಡಿಯು ನಡೆಯದಿದ್ದರೆ ಮುಚ್ಚುವುದು ಅಂಗಡಿಯವನ ಧರ್ಮ. ಆದರೆ ಸಂಘದ ಸರ್ವಸ್ವವನ್ನು ಅಂಗಡಿಯ ಜಗಲಿಯ ಮೇಲಿಟ್ಟು ಬರುವುದು ನಮ್ಮ ಧರ್ಮವೇ?

ಹಾಗಾದರೆ ಎಲ್ಲಿಡಬೇಕು? ನಮ್ಮ ಉತ್ತರವು ಸರಳವಾದುದು: ಸಂಘದ ಸ್ವಂತ ಹೆಸರಿನ ತಾಣದಲ್ಲಿ, ಸ್ಥಿರಪುಟಗಳ ರೂಪದಲ್ಲಿ.

ಸ್ಥಿರಪುಟವೆಂದರೇನೆಂಬುದನ್ನು ಕೆಲವರು ಕೇಳಬಹುದು. ಇಂದಿನ ಅನೇಕ ಜಾಲತಾಣಗಳಲ್ಲಿ ಓದುಗನು ಪುಟವನ್ನು ಬೇಡಿದೊಡನೆ, ಸರ್ವರಿನಲ್ಲಿ ಒಂದು ಪ್ರೋಗ್ರಾಂ ಎದ್ದು, ಡೇಟಾಬೇಸನ್ನು ವಿಚಾರಿಸಿ, ಪುಟವನ್ನು ಆಗಲೇ ಕಟ್ಟಿ ಕಳುಹಿಸುವುದು. ಓದುಗರು ನೂರು ಮಂದಿಯಾದರೆ ನೂರು ಸಲವೂ ಓಲೆಗಾರನನ್ನು ಎಬ್ಬಿಸಿ ಹೊಸದಾಗಿ ಬರೆಯಿಸಿದಂತೆ. ಸ್ಥಿರಪುಟವು ಅಚ್ಚಾದ ಪುಸ್ತಕದಂತೆ: ಒಮ್ಮೆ ಸಿದ್ಧಪಡಿಸಿಟ್ಟರೆ ಬಂದವರಿಗೆಲ್ಲ ಅದನ್ನೇ ಕೊಡುವುದು. ಓಲೆಗಾರನಿಲ್ಲದ ಮೇಲೆ ಅವನು ಕಾಯಿಲೆ ಬೀಳುವ ಭಯವೂ ಇಲ್ಲ. ಅವನ ಬೀಗದ ಕೈಯನ್ನು ಕಳ್ಳರು ಕದಿಯುವ ಭಯವೂ ಬಹುಮಟ್ಟಿಗೆ ಇಲ್ಲ. ಸಂಘದ ಹಿಂದಿನ ತಾಣವು ಹಾಳಾದುದು ಹೀಗೆಯೇ ಎಂಬುದನ್ನು ಸದಸ್ಯರು ಮರೆತಿರಲಾರರು. ಪ್ರೋಗ್ರಾಮನ್ನು ಎರಡು ವರ್ಷ ಯಾರೂ ನವೀಕರಿಸಲಿಲ್ಲ. ಒಂದು ಬೆಳಗ್ಗೆ ಕವಿಗೋಷ್ಠಿಯ ವರದಿಯಿದ್ದಲ್ಲಿ ಜೂಜಿನ ಜಾಹೀರಾತು ಕಾಣಿಸಿತು!

ಈ ಪದ್ಧತಿಯು ಹೊಸತೂ ಅಲ್ಲ. ಟಿಮ್ ಬರ್ನರ್ಸ್‌ಲೀ ಅವರು ಸ್ವಿಟ್ಜರ್ಲೆಂಡಿನ ಸರ್ನ್ ಸಂಸ್ಥೆಯಲ್ಲಿ ಜಾಲವನ್ನು ಆರಂಭಿಸಿದಾಗ ಮೊದಲ ಪುಟಗಳು ಇಂಥವೇ. 1993ರ ಏಪ್ರಿಲ್ 30ರಂದು ಆ ಸಂಸ್ಥೆಯು ಈ ವಿದ್ಯೆಯನ್ನು ಜಗತ್ತಿಗೆ ಧರ್ಮಾರ್ಥವಾಗಿ ಬಿಟ್ಟುಕೊಟ್ಟಿತು. ಅಂದಿನ ಪುಟಗಳನ್ನು ಇಂದಿನ ಬ್ರೌಸರಿನಲ್ಲಿಯೂ ತೆರೆದು ಓದಬಹುದು. 2008ರಲ್ಲಿ ಬಂದ ಜೆಕಿಲ್, 2013ರಲ್ಲಿ ಬಂದ ಹ್ಯೂಗೋ ಮೊದಲಾದ ಉಪಕರಣಗಳು ಈಗ ಕೆಲಸವನ್ನು ಇನ್ನೂ ಹಗುರಮಾಡಿವೆ. ಲೇಖನವನ್ನು ಸಾದಾ ಪಠ್ಯವಾಗಿ ಬರೆದು ಒಂದು ಕಡತದಲ್ಲಿಟ್ಟರೆ, ಅವು ತಲೆಬರೆಹ, ಪರಿವಿಡಿ, ಕೊಂಡಿಗಳನ್ನೆಲ್ಲ ಹೊಂದಿಸಿ ಪುಟಗಳ ಪೂರ್ಣ ಕಟ್ಟನ್ನು ಮಾಡಿಕೊಡುವುವು. ಆ ಕಟ್ಟನ್ನು ಯಾವ ಸರ್ವರಿಗಾದರೂ ನಕಲು ಮಾಡಬಹುದು. ಒಬ್ಬನು ಬಾಗಿಲು ಹಾಕಿದರೆ ಮತ್ತೊಬ್ಬನಲ್ಲಿಗೆ ಅದೇ ದಿನ ಹೋಗಬಹುದು. ತಾಣದ ಹೆಸರು ನಮ್ಮದಾದುದರಿಂದ ಓದುಗನಿಗೆ ವಿಳಾಸವು ಬದಲಾಗುವುದಿಲ್ಲ. ಗಾತ್ರವಾದರೂ ಎಷ್ಟು? ಯೂನಿಕೋಡಿನ ಯುಟಿಎಫ್-8 ಪದ್ಧತಿಯಲ್ಲಿ ಒಂದೊಂದು ಕನ್ನಡ ಸಂಕೇತಕ್ಕೆ ಮೂರು ಬೈಟುಗಳು. ಈ ಲೇಖನವು ಸುಮಾರು 25 ಕಿಲೋಬೈಟಾದೀತು. ಇಂಥ ಸಾವಿರ ಲೇಖನಗಳಿಗೆ 25 ಮೆಗಾಬೈಟ್. ಸಣ್ಣ ಪೆನ್‌ಡ್ರೈವಿನ ಒಂದು ಮೂಲೆಯೂ ತುಂಬದು.

“ನಾವು ಸಾಹಿತ್ಯದವರು, ಯಂತ್ರದ ರಿಪೇರಿ ನಮಗೇಕೆ?” ಎಂಬುದು ಪ್ರತಿಪಕ್ಷದವರ ಮುಖ್ಯವಾದ ಆಕ್ಷೇಪಣೆ. ಈ ಮಾತಿನಲ್ಲಿ ವಿನಯಕ್ಕಿಂತ ಆಲಸ್ಯವೇ ಹೆಚ್ಚಾಗಿದೆಯೆಂದು ನಮಗೆ ತೋರುವುದು. ಫ. ಗು. ಹಳಕಟ್ಟಿಯವರು ವಕೀಲರು, ವಚನಗಳನ್ನು ಉಳಿಸಬೇಕೆಂದು ಮನಸ್ಸಾದಾಗ, ಅಚ್ಚಿನ ಕೆಲಸವು ತಮ್ಮದಲ್ಲವೆಂದು ಕೈಕಟ್ಟಿ ಕುಳಿತುಕೊಳ್ಳಲಿಲ್ಲ, ವಿಜಾಪುರದಲ್ಲಿ ಸ್ವಂತ ಮುದ್ರಣಾಲಯವನ್ನೇ ನಡೆಸಿದರು. ಅದರ ಮುಂದೆ ನಮ್ಮಿಂದ ಈಗ ಬೇಕಾಗಿರುವ ಶ್ರಮವು ಏನೇನೂ ಅಲ್ಲ.

ನಿದರ್ಶನಕ್ಕೆ ನಮ್ಮದೇ ಅನುಭವವನ್ನು ಹೇಳುವೆವು. ಹೋದ ವರ್ಷ ಪ್ರಯೋಗಕ್ಕೆಂದು ನಮ್ಮ ಲೇಖನಗಳನ್ನು ಸ್ಥಿರಪುಟಗಳಾಗಿ ಮಾಡತೊಡಗಿದಾಗ, ಒಂದು ದಿನ ಇದ್ದಕ್ಕಿದ್ದಂತೆ ಒಂದು ಪುಟವೂ ಸಿದ್ಧವಾಗದೆ ಹೋಯಿತು. ಪರದೆಯಲ್ಲಿ ಇಂಗ್ಲಿಷಿನ ಕೆಂಪು ಸಾಲುಗಳು. ಗಾಬರಿಯಾಗಿ ಅಂಗಡಿಗೆ ಒಯ್ದೆವು. ಯಂತ್ರವು ಹಳೆಯದು, ಹೊಸದನ್ನು ಕೊಳ್ಳಿರೆಂದು ಅಲ್ಲಿನವರು ಬುದ್ಧಿ ಹೇಳಿದರು. ಮನೆಗೆ ಬಂದು, ಆ ಕೆಂಪು ಸಾಲುಗಳನ್ನು ಮೊದಲಿಂದ ಕೊನೆಯ ವರೆಗೆ ನಿಧಾನವಾಗಿ ಓದಿದೆವು. ಯಾವ ಕಡತ, ಎಷ್ಟನೆಯ ಸಾಲು ಎಂಬುದು ಅದರಲ್ಲಿಯೇ ಇದ್ದಿತು! ಅಲ್ಲಿ ಕಂಡುದು “ಜಿಲ್ಲೆಯ ಶಾಸನಗಳು: ಒಂದು ಪರಿಚಯ” ಎಂಬ ನಮ್ಮ ಶೀರ್ಷಿಕೆ. ಲೇಖನದ ತಲೆಯಲ್ಲಿ ಬರೆಯುವ ವಿವರಗಳಲ್ಲಿ ಆ ಎರಡು ಚುಕ್ಕೆಗಳಿಗೆ ಬೇರೆ ಅರ್ಥವುಂಟು. ಶೀರ್ಷಿಕೆಯನ್ನು ಉದ್ಧರಣ ಚಿಹ್ನೆಗಳೊಳಗೆ ಇಟ್ಟೊಡನೆ ಎಲ್ಲವೂ ಸರಿಯಾಯಿತು. ಹೊಸ ಯಂತ್ರದ ಹಣ ಉಳಿಯಿತು.

ನಿತ್ಯದ ತೊಡಕುಗಳಲ್ಲಿ ಬಹುಪಾಲು ಇಂಥವೇ. ಕನ್ನಡವು ವಿಕಾರವಾದ ಚಿಹ್ನೆಗಳಾಗಿ ಕಂಡರೆ, ಪುಟದ ಆದಿಯಲ್ಲಿ ಯುಟಿಎಫ್-8 ಎಂದು ಸಾರುವ ಒಂದು ಸಾಲು ಬಿಟ್ಟುಹೋಗಿರುವುದುಂಟು. ಇಲ್ಲವೆ ಬರೆಹವು ಯೂನಿಕೋಡಿಗೆ ಹಿಂದಿನ ಅಕ್ಷರವಿನ್ಯಾಸದಲ್ಲಿರುವುದುಂಟು, ಅದನ್ನು ಪರಿವರ್ತಿಸಬೇಕು. ತಿದ್ದಿದರೂ ಹಳೆಯ ಪುಟವೇ ಕಾಣುತ್ತಿದ್ದರೆ, ಬ್ರೌಸರು ತಾನು ಕೂಡಿಟ್ಟ ಪ್ರತಿಯನ್ನೇ ತೋರಿಸುತ್ತಿರುವುದು. ಮನೆಯ ಯಂತ್ರದಲ್ಲಿ ಕಂಡ ಚಿತ್ರವು ಸರ್ವರಿನಲ್ಲಿ ಕಾಣದಿದ್ದರೆ, ಕಡತದ ಹೆಸರಿನಲ್ಲಿ ದೊಡ್ಡಕ್ಷರ ಚಿಕ್ಕಕ್ಷರಗಳ ವ್ಯತ್ಯಾಸವನ್ನು ನೋಡಬೇಕು. ವಿಂಡೋಸ್ ಸಾಮಾನ್ಯವಾಗಿ ಅದನ್ನು ಗಣಿಸದು, ಲಿನಕ್ಸ್ ಗಣಿಸುವುದು. ಸಂದೇಶವನ್ನು ಪೂರ್ತಿಯಾಗಿ ಓದುವುದು, ಕೊನೆಯದಾಗಿ ಏನನ್ನು ಬದಲಿಸಿದೆವೆಂದು ನೆನೆಯುವುದು, ಒಂದು ಸಲಕ್ಕೆ ಒಂದನ್ನೇ ತಿದ್ದಿ ನೋಡುವುದು, ಕಂಡುಕೊಂಡುದನ್ನು ಪುಸ್ತಕದಲ್ಲಿ ಬರೆದಿಡುವುದು: ಹಸ್ತಪ್ರತಿಗಳ ಪಾಠಾಂತರವನ್ನು ಶೋಧಿಸುವ ನಮ್ಮ ವಿದ್ವಾಂಸರಿಗೆ ಈ ಕ್ರಮವು ಹೊಸದೇ?

“ಓದುಗರಿರುವುದು ಅಲ್ಲಿ” ಎಂಬ ಮಾತನ್ನು ನಾವು ಅಲ್ಲಗಳೆಯುವುದಿಲ್ಲ. ಸಂತೆಯಲ್ಲಿ ಡಂಗುರ ಹೊಡೆಯಿಸಿರಿ; ಪ್ರತಿ ಲೇಖನದ ಸುದ್ದಿಯನ್ನೂ ಅಲ್ಲಿ ಸಾರಿರಿ. ಮೂಲವು ಮಾತ್ರ ಮನೆಯಲ್ಲಿರಲಿ. ಸ್ಥಿರಪುಟಗಳಿಗೂ ಮಿತಿಯಿರುವುದು ನಿಜ. ಓದುಗರ ಅಭಿಪ್ರಾಯಗಳನ್ನು ಅಲ್ಲಿಯೇ ಸ್ವೀಕರಿಸಲು ಬೇರೆ ಏರ್ಪಾಡು ಬೇಕು. ತಾಣದ ಹೆಸರಿಗೆ ವರ್ಷವರ್ಷವೂ ಶುಲ್ಕ ಕಟ್ಟಬೇಕು. ಮರೆತರೆ ಹೆಸರು ಪರರ ಪಾಲಾದೀತು. ಆದುದರಿಂದಲೇ ಈ ಭಾರವನ್ನು ಒಬ್ಬರ ಮೇಲೆ ಹೊರಿಸಬಾರದು.

ಸಭೆಯ ಮುಂದೆ ನಮ್ಮ ಬಿನ್ನಹವು ಇಷ್ಟು. ತಾಣದ ಹೆಸರು ಸಂಘದ ಹೆಸರಿನಲ್ಲಿಯೇ ನೋಂದಣಿಯಾಗಿ, ಅದರ ಶುಲ್ಕವು ಆಯವ್ಯಯದಲ್ಲಿ ಸೇರಲಿ. ಸಂಚಿಕೆಗಳೆಲ್ಲ ಯೂನಿಕೋಡಿನ ಸಾದಾ ಕಡತಗಳಾಗಲಿ. ಪ್ರತಿಗಳು ಮೂರು ಕಡೆ ಇರಲಿ: ಸರ್ವರಿನಲ್ಲಿ, ಸಂಘದ ಕಪಾಟಿನಲ್ಲಿ, ಬೇರೆ ಊರಿನ ಒಬ್ಬ ಸದಸ್ಯರ ಮನೆಯಲ್ಲಿ. ಪಾಸ್‌ವರ್ಡುಗಳು ಮೊಹರು ಮಾಡಿದ ಲಕೋಟೆಯಲ್ಲಿ ಕಾರ್ಯದರ್ಶಿಗಳ ವಶದಲ್ಲಿರಲಿ. ಇಬ್ಬರು ತರುಣರೂ ಇಬ್ಬರು ಹಿರಿಯರೂ ಕೂಡಿ ಈ ಕೆಲಸವನ್ನು ಕಲಿಯಲಿ. ಹಿರಿಯರ ಪೈಕಿ ಒಬ್ಬರಾಗಿ ನಾವು ಸಿದ್ಧರಿದ್ದೇವೆ.

ಮಿತ್ರರ ಮಗಳು ತಂದೆಯ ಹಳೆಯ ಪೆಟ್ಟಿಗೆಯಲ್ಲಿ ಮೊದಲ ವರ್ಷದ ಎರಡು ಟಿಪ್ಪಣಿ ಪುಸ್ತಕಗಳನ್ನು ಹುಡುಕಿ ತಂದುಕೊಟ್ಟಿದ್ದಾರೆ. ನಲವತ್ತೊಂದು ಊರುಗಳ ಹೆಸರುಗಳು ಅವುಗಳಲ್ಲಿವೆ. ಸಭೆಯು ಒಪ್ಪಿದರೆ, ಸಂಘದ ಹೊಸ ಮನೆಯಲ್ಲಿ ಮೊದಲು ಇಡತಕ್ಕ ಬರೆಹವು ಅದೇ ಆಗಲಿ.