ಊರ ಸರ್ಕಾರಿ ಶಾಲೆಯೂ ನಮ್ಮ ಕರ್ತವ್ಯವೂ

ಸ್ಮರಣ ಸಂಚಿಕೆಗಳಲ್ಲಿ ಹಳೆಯ ವಿದ್ಯಾರ್ಥಿನಿಯರು ತಾವು ಕಲಿತ ಕೊಠಡಿಗಳನ್ನೂ, ತಮ್ಮನ್ನು ಗದರಿಸಿ ತಿದ್ದಿದ ಉಪಾಧ್ಯಾಯಿನಿಯರನ್ನೂ, ಮಳೆಗಾಲದ ಬೆಳಗಿನ ಗಂಟೆಯ ಸದ್ದನ್ನೂ ನೆನೆದು ಬರೆಯುವುದು ವಾಡಿಕೆ. ಆ ನೆನಪುಗಳು ನನಗೂ ಇಲ್ಲದಿಲ್ಲ. ಆದರೆ ಈ ಸಾರಿ ನಾನು ಬರೆಯಬೇಕೆಂದಿರುವುದು ನಾವು ಕಲಿತ ಶಾಲೆಯನ್ನು ಕುರಿತಲ್ಲ. ಆ ಶಾಲೆಗೆ ಬರುವಾಗ ನಾವು ದಿನವೂ ದಾಟಿ ಬರುತ್ತಿದ್ದ ಇನ್ನೊಂದು ಶಾಲೆಯನ್ನು ಕುರಿತು. ಪ್ರತಿಯೊಂದು ಬೀದಿಗೂ ಸಮೀಪದಲ್ಲಿ ಸರ್ಕಾರದ ಶಾಲೆಯೊಂದುಂಟು. ಅದರ ಗೋಡೆಯ ಬಣ್ಣವನ್ನು ಬಲ್ಲೆವು. ಅದರ ಮಕ್ಕಳ ಗದ್ದಲವನ್ನು ಕೇಳಿರುವೆವು. ಅದನ್ನು ನಡೆಯಿಸುವವರು ಯಾರು, ಅದರಲ್ಲಿ ಕೊರತೆಯುಂಟಾದರೆ ಕೇಳಬೇಕಾದುದು ಯಾರನ್ನು, ಎಂಬುದನ್ನು ನಮ್ಮಲ್ಲಿ ಎಷ್ಟು ಮಂದಿ ಬಲ್ಲೆವು?

ಈ ಪ್ರಶ್ನೆಯನ್ನು ನನಗೆ ಕಲಿಸಿದವಳು ನ್ಯಾಮತಿಯ ಕಡೆಯಿಂದ ಬಂದ ಒಬ್ಬ ತಾಯಿ. ಆಕೆಯ ಹೆಸರು ಇಲ್ಲಿ ಬೇಡ. ಆಕೆಯ ಮಗಳು ಓದುತ್ತಿದ್ದ ಕೊಠಡಿಯ ಮಾಳಿಗೆ ಸೋರುತ್ತಿದ್ದಿತು. ಅರ್ಜಿಯೊಂದನ್ನು ಯಾರಿಂದಲೋ ಬರೆಯಿಸಿಕೊಂಡು ಆಕೆ ಒಂದು ಕಛೇರಿಗೆ ಹೋದಳು, ಅವರು ಇನ್ನೊಂದು ಕಛೇರಿಯನ್ನು ತೋರಿಸಿದರು, ಅಲ್ಲಿಂದ ಮೂರನೆಯದಕ್ಕೆ. ಮೂರು ದಿನದ ಕೂಲಿಯನ್ನು ಕಳೆದುಕೊಂಡು ಮನೆಗೆ ಬಂದ ಆಕೆ ನನ್ನೊಡನೆ, “ಅಮ್ಮಾ, ಆ ಶಾಲೆಗೆ ಯಜಮಾನರೇ ಇಲ್ಲವೇನೋ” ಎಂದಳು. ಆಗ ನಾನು ಕೊಟ್ಟ ಉತ್ತರವನ್ನು ನೆನೆದರೆ ಇಂದಿಗೂ ನಾಚಿಕೆಯಾಗುತ್ತದೆ. “ಅಲ್ಲಿಗೆ ಏತಕ್ಕೆ ಸೇರಿಸಿದೆ?” ಎಂದುಬಿಟ್ಟೆನು. ಆಕೆ ಕೇಳಿದುದು ದಾರಿಯನ್ನು. ನಾನು ಕೊಟ್ಟುದು ಆಕ್ಷೇಪಣೆಯನ್ನು. ದಾರಿ ನನಗೂ ತಿಳಿದಿರಲಿಲ್ಲವೆಂಬುದೇ ನಿಜ.

ನ್ಯಾಮತಿಯು ಮಲೆನಾಡಿಗೂ ಬಯಲುಸೀಮೆಗೂ ನಡುವೆ ಬೆಳೆದ ವ್ಯಾಪಾರದ ಪೇಟೆ. ಊರು ಇದ್ದಲ್ಲಿಯೇ ಇದ್ದರೂ ಅದರ ಮೇಲಣ ಆಡಳಿತದ ಗೆರೆಗಳು ಹಲವು ಸಾರಿ ಬದಲಾಗಿವೆ. ಬಹುಕಾಲ ಅದು ಶಿವಮೊಗ್ಗ ಜಿಲ್ಲೆಯ ಹೊನ್ನಾಳಿ ತಾಲ್ಲೂಕಿಗೆ ಸೇರಿದ್ದಿತು. 1997ನೆಯ ಇಸವಿ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆಯು ಹುಟ್ಟಿದಾಗ ಹೊನ್ನಾಳಿಯೂ ಚನ್ನಗಿರಿಯೂ ಶಿವಮೊಗ್ಗೆಯನ್ನು ಬಿಟ್ಟು ಅದಕ್ಕೆ ಸೇರಿದುವು. ಜಗಳೂರು ಚಿತ್ರದುರ್ಗದಿಂದ ಬಂದಿತು. 2017ರ ಮುಂಗಡಪತ್ರದಲ್ಲಿ ಘೋಷಿತವಾದ 49 ಹೊಸ ತಾಲ್ಲೂಕುಗಳಲ್ಲಿ ನ್ಯಾಮತಿಯೂ ಒಂದು. ಹೀಗೆ ತಾಲ್ಲೂಕು ಹೊಸದಾಯಿತು. ಆದರೆ ಶಾಲೆಗಳು ಆ ಬಳಿಕವೂ ಹೊನ್ನಾಳಿ ಶೈಕ್ಷಣಿಕ ವಲಯದಲ್ಲಿಯೇ ಉಳಿದುವು. ಕಂದಾಯದ ಗೆರೆ ಒಂದು, ವಿದ್ಯಾ ಇಲಾಖೆಯ ಗೆರೆ ಇನ್ನೊಂದು. ತಾಲ್ಲೂಕು ಕಛೇರಿ ಇದ್ದಲ್ಲಿಯೇ ಶಾಲೆಯ ಅಧಿಕಾರಿಯೂ ಇರುವರೆಂದು ಎಣಿಸಿ ಹೊರಟವರು ಬರಿಗೈಯಲ್ಲಿ ಮರಳಿದರೆ ಅದರಲ್ಲಿ ಆಶ್ಚರ್ಯವೇನು?

ಶಾಲೆ ಯಾರ ಕೈಯಲ್ಲಿರಬೇಕೆಂಬ ಚರ್ಚೆಯೂ ಹೊಸದಲ್ಲ. ಹಿಂದಿನ ಮೈಸೂರು ಸಂಸ್ಥಾನದಲ್ಲಿ ಪ್ರಾಥಮಿಕ ವಿದ್ಯೆಯನ್ನು ಕಡ್ಡಾಯ ಮಾಡುವ ಮೊದಲ ಕಾನೂನು 1913ರಲ್ಲಿ ಬಂದಿತು. 1930ರ ಕಾನೂನಿನಿಂದ ಪ್ರಾಥಮಿಕ ಶಾಲೆಗಳು ಸ್ಥಳೀಯ ಸಂಸ್ಥೆಗಳ ವಶಕ್ಕೆ ಹೋದುವು. ಅದು ನೆಟ್ಟಗೆ ನಡೆಯಲಿಲ್ಲವೆಂದು 1941ರಲ್ಲಿ ಸರ್ಕಾರವೇ ಅವುಗಳನ್ನು ಹಿಂದಕ್ಕೆ ತೆಗೆದುಕೊಂಡಿತು. ಊರವರ ಕೈಗೆ ಕೊಡುವುದೋ, ರಾಜಧಾನಿಯ ಕೈಯಲ್ಲಿಡುವುದೋ ಎಂಬ ತೂಗುಯ್ಯಾಲೆ ಅಂದಿನಿಂದಲೂ ತೂಗುತ್ತಿದೆ.

ಅಮೆರಿಕ ದೇಶಕ್ಕೆ ಹೋಗಿ ನೆಲೆಸಿರುವ ನಮ್ಮ ಗೆಳತಿಯರು ಅಲ್ಲಿಯ ‘ಸ್ಕೂಲ್ ಡಿಸ್ಟ್ರಿಕ್ಟ್’ ಎಂಬ ಏರ್ಪಾಟನ್ನು ವರ್ಣಿಸುವುದುಂಟು. ಅಲ್ಲಿ ಬಹುತೇಕ ಕಡೆಗಳಲ್ಲಿ ಶಾಲೆಗಳಿಗಾಗಿಯೇ ಒಂದು ವಲಯ, ಅದಕ್ಕೆ ಜನರು ಚುನಾಯಿಸಿದ ಮಂಡಲಿ; ಮನೆ ಜಮೀನುಗಳ ಮೇಲಣ ತೆರಿಗೆಯಿಂದ ಅದಕ್ಕೆ ಬರುವ ಹಣವೂ ಸಣ್ಣದಲ್ಲ. ಇದರಿಂದ ಯಾರನ್ನು ಕೇಳಬೇಕೆಂಬುದು ಸ್ಪಷ್ಟವಾಗಿರುತ್ತದೆ. ಆದರೆ ಶ್ರೀಮಂತರ ಬಡಾವಣೆಯ ಶಾಲೆಗೆ ಹೆಚ್ಚು ಹಣವೂ ಬಡವರ ಬಡಾವಣೆಯ ಶಾಲೆಗೆ ಕಡಿಮೆ ಹಣವೂ ದೊರೆಯುವ ದೋಷವೂ ಅದರೊಡನೆಯೇ ಹುಟ್ಟಿಕೊಂಡಿದೆ. ನಮ್ಮಲ್ಲಿ ಹಣವು ಬಹುಮಟ್ಟಿಗೆ ರಾಜ್ಯ ಮತ್ತು ಕೇಂದ್ರ ಸರ್ಕಾರಗಳಿಂದ ಬರುವುದರಿಂದ ಆ ದೋಷವು ಅದೇ ರೂಪದಲ್ಲಿಲ್ಲ. ಅದಕ್ಕೆ ಬದಲಾಗಿ, ಜವಾಬ್ದಾರಿಯು ಹತ್ತು ಕಛೇರಿಗಳಲ್ಲಿ ಹಂಚಿಹೋಗಿ, ಯಾರದೂ ಅಲ್ಲವೆಂಬಂತೆ ತೋರುವ ದೋಷವುಂಟು. ಎರಡು ಏರ್ಪಾಟುಗಳಲ್ಲಿಯೂ ತಿಳಿದವನಿಗೆ ಅನುಕೂಲ, ತಿಳಿಯದವನಿಗೆ ನಷ್ಟ.

ಹಾಗಾದರೆ ಆ ಹಂಚಿಕೆ ಹೇಗಿದೆಯೆಂಬುದನ್ನು ನೋಡೋಣ. ಶಾಲೆಯ ದಿನದಿನದ ಕೆಲಸ ಮುಖ್ಯೋಪಾಧ್ಯಾಯರದು. ಹತ್ತಿರದ ಹಲವು ಶಾಲೆಗಳು ಸೇರಿ ಒಂದು ಕ್ಲಸ್ಟರು; ಅದಕ್ಕೆ ಸಂಪನ್ಮೂಲ ವ್ಯಕ್ತಿಯೊಬ್ಬರಿದ್ದು ಪಾಠಗಳನ್ನು ನೋಡಿ ಉಪಾಧ್ಯಾಯರಿಗೆ ಸಹಾಯ ಮಾಡತಕ್ಕವರು. ಕ್ಲಸ್ಟರುಗಳ ಮೇಲೆ ವಲಯ. ಅದರ ಮುಖ್ಯಸ್ಥರು ಕ್ಷೇತ್ರ ಶಿಕ್ಷಣಾಧಿಕಾರಿಗಳು, ಎಂದರೆ ಜನರು ಬಿ.ಇ.ಓ. ಎಂದು ಕರೆಯುವವರು. ವಲಯಗಳ ಮೇಲೆ ಜಿಲ್ಲೆಯ ಉಪನಿರ್ದೇಶಕರು. ಬಿಸಿಯೂಟದ ಅಕ್ಷರ ದಾಸೋಹವನ್ನು ತಾಲ್ಲೂಕು ಪಂಚಾಯಿತಿಯಲ್ಲಿರುವ ಸಹಾಯಕ ನಿರ್ದೇಶಕರು ನೋಡಿಕೊಳ್ಳುವರು. ಕಟ್ಟಡದ ರಿಪೇರಿಗೆ ಹಣವು ಜಿಲ್ಲಾ ಪಂಚಾಯಿತಿಯ ಮೂಲಕವೋ ಇಲಾಖೆಯ ಮೂಲಕವೋ ಬರಬೇಕು. ಪಠ್ಯಪುಸ್ತಕಗಳನ್ನು ಅಚ್ಚುಮಾಡಿಸುವುದು ಬೆಂಗಳೂರಿನ ಪಠ್ಯಪುಸ್ತಕ ಸಂಘ. ಉಪಾಧ್ಯಾಯರ ವರ್ಗಾವಣೆಗೆ ರಾಜ್ಯದ ಪ್ರತ್ಯೇಕ ಕಾನೂನೇ ಉಂಟು. ಆದುದರಿಂದ ಮಾಳಿಗೆ ಸೋರುವ ಅರ್ಜಿಗೂ, ಅನ್ನದಲ್ಲಿ ಕಲ್ಲಿರುವ ಅರ್ಜಿಗೂ, ಗಣಿತಕ್ಕೆ ಉಪಾಧ್ಯಾಯರಿಲ್ಲವೆಂಬ ಅರ್ಜಿಗೂ ಬಾಗಿಲು ಒಂದೇ ಅಲ್ಲ. ಆದರೆ ಈ ಮೂರೂ ಹೊರಡಬೇಕಾದ ಸ್ಥಳ ಒಂದೇ. ಅದು ಶಾಲೆಯೊಳಗೇ ಇದೆ.

ಆ ಸ್ಥಳವೇ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ. ವಿಜ್ಞಾನಿಗಳಾದ ಡಾಕ್ಟರ್ ರಾಜಾ ರಾಮಣ್ಣನವರ ಅಧ್ಯಕ್ಷತೆಯ ಶಿಕ್ಷಣ ಕಾರ್ಯಪಡೆಯ ಸಲಹೆಯಂತೆ 2001ರಲ್ಲಿ ಸರ್ಕಾರವು ಈ ಸಮಿತಿಗಳನ್ನು ರಚಿಸಿತು. ತರುವಾಯ 2009ರಲ್ಲಿ ಅಂಗೀಕೃತವಾಗಿ 2010ನೆಯ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕಿನ ಕಾಯಿದೆಯು ಇಂತಹ ಸಮಿತಿಗೆ ದೇಶದಲ್ಲೆಲ್ಲಾ ಕಾನೂನಿನ ಬಲವನ್ನು ಕೊಟ್ಟಿತು. ಸದಸ್ಯರಲ್ಲಿ ಮುಕ್ಕಾಲು ಪಾಲಿಗೆ ಕಡಿಮೆಯಿಲ್ಲದಂತೆ ಮಕ್ಕಳ ತಂದೆತಾಯಿಗಳೂ ಪೋಷಕರೂ ಇರಬೇಕು. ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಸ್ತ್ರೀಯರಿರಬೇಕು. ಶಾಲೆಯ ಕೆಲಸವನ್ನು ಗಮನಿಸುವುದು, ಅಭಿವೃದ್ಧಿಯ ಯೋಜನೆಯನ್ನು ಸಿದ್ಧಪಡಿಸುವುದು, ಬಂದ ಹಣ ಹೇಗೆ ವೆಚ್ಚವಾಯಿತೆಂಬುದನ್ನು ನೋಡುವುದು, ಇವು ಆ ಸಮಿತಿಯ ಕರ್ತವ್ಯಗಳು. ಮಾಳಿಗೆ ಸೋರುವುದೆಂಬ ನಿರ್ಣಯವು ಸಮಿತಿಯ ನಡವಳಿಯ ಪುಸ್ತಕದಲ್ಲಿ ದಾಖಲಾಗಿ, ಮುಖ್ಯೋಪಾಧ್ಯಾಯರ ಮೂಲಕ ಹೋದರೆ, ಅದು ಒಬ್ಬ ಕೂಲಿಯವಳ ಅರ್ಜಿಯಾಗಿ ಉಳಿಯದೆ ಶಾಲೆಯ ಬೇಡಿಕೆಯಾಗುತ್ತದೆ. ಅದಕ್ಕೂ ಕಿವಿಗೊಡದಿದ್ದರೆ ಅದೇ ಕಾಯಿದೆಯ 32ನೆಯ ಕಲಮಿನಂತೆ ಸ್ಥಳೀಯ ಪ್ರಾಧಿಕಾರಕ್ಕೆ ಬರವಣಿಗೆಯಲ್ಲಿ ದೂರು ಕೊಡಬಹುದು. ಅದನ್ನು ಮೂರು ತಿಂಗಳೊಳಗೆ ತೀರ್ಮಾನಿಸಬೇಕೆಂದು ಕಾನೂನು ಹೇಳುತ್ತದೆ.

ಕೇಳುವುದಕ್ಕೆ ಅಳತೆಯೂ ಉಂಟು. ಒಂದರಿಂದ ಐದನೆಯ ತರಗತಿಯವರೆಗಿನ ಶಾಲೆಯಲ್ಲಿ 60 ಮಕ್ಕಳವರೆಗೆ ಇಬ್ಬರು, 61ರಿಂದ 90ರವರೆಗೆ ಮೂವರು, 91ರಿಂದ 120ರವರೆಗೆ ನಾಲ್ವರು ಉಪಾಧ್ಯಾಯರಿರಬೇಕು. ಆ ತರಗತಿಗಳಿಗೆ ವರ್ಷಕ್ಕೆ 200 ದಿನಗಳೂ, ಆರರಿಂದ ಎಂಟನೆಯವರೆಗೆ 220 ದಿನಗಳೂ ಪಾಠ ನಡೆಯಬೇಕು. ಜನ್ಮದಿನಾಂಕದ ಪತ್ರವಿಲ್ಲವೆಂದು ಮಗುವನ್ನು ಹಿಂದಕ್ಕೆ ಕಳುಹಿಸಕೂಡದು. ನ್ಯಾಮತಿಯ ಸೀಮೆಗೆ ಈ ಕೊನೆಯ ಮಾತು ಬಹು ಮುಖ್ಯವಾದುದು. ಸಂತ ಸೇವಾಲಾಲರ ಜನ್ಮಸ್ಥಳವಾದ ಸೂರಗೊಂಡನಕೊಪ್ಪ ಆ ತಾಲ್ಲೂಕಿನಲ್ಲಿಯೇ ಇದೆ; ಸುತ್ತಲೂ ಲಂಬಾಣಿ ಜನರ ತಾಂಡಗಳು. ಕಾಫಿಯ ಸೀಮೆಗೋ ಕಬ್ಬಿನ ಕಟಾವಿಗೋ ಗುಳೆಹೋಗುವ ಸಂಸಾರದ ಮಗು ನಡುವರ್ಷದಲ್ಲಿ ಬಂದು ನಿಂತರೆ, ಅದನ್ನು ಅದರ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಂಡು, ಹಿಂದುಳಿದ ಪಾಠವನ್ನು ಬೇರೆಯಾಗಿ ಕಲಿಸಬೇಕಾದುದು ಶಾಲೆಯ ಕರ್ತವ್ಯವೇ ಹೊರತು ದಯೆಯಲ್ಲ. ಇದನ್ನು ಆ ತಾಯಿ ತಿಳಿದಿದ್ದರೆ ಬಾಗಿಲಲ್ಲಿ ಧೈರ್ಯವಾಗಿ ನಿಲ್ಲುವಳು.

ಇನ್ನು ಇದಕ್ಕೆ ವಿರೋಧವಾಗಿ ಹೇಳುವ ಮಾತುಗಳನ್ನು ವಿಚಾರಿಸೋಣ. ಮೊದಲನೆಯದು: ಸಮಿತಿಗಳು ಹೆಸರಿಗೆ ಮಾತ್ರ, ಊರಿನ ಪ್ರಬಲರು ಕುಳಿತು ರುಜು ಹಾಕಿಸಿಕೊಳ್ಳುವರು, ಹೆಂಗಸರ ಸ್ಥಾನದಲ್ಲಿ ಗಂಡಂದಿರು ಮಾತನಾಡುವರು, ಎಂಬುದು. ಇದು ಎಷ್ಟೋ ಕಡೆ ನಿಜ. ಆದರೆ ಕುರ್ಚಿಯೊಂದು ಬರಿದಾಗಿದ್ದರೆ ಅದರ ಮೇಲೆ ಬೇರೆಯವರು ಕುಳಿತುಕೊಳ್ಳುವುದು ಲೋಕದ ರೂಢಿ. ಅದಕ್ಕೆ ಪರಿಹಾರ ಕುರ್ಚಿಯನ್ನು ತೆಗೆದುಹಾಕುವುದಲ್ಲ. ಯಾರಿಗಾಗಿ ಅದನ್ನು ಇಟ್ಟಿದೆಯೋ ಅವಳನ್ನು ಕರೆತಂದು ಕೂರಿಸುವುದು. ಎರಡನೆಯದು: ನಮ್ಮ ಮಕ್ಕಳನ್ನು ನಾವು ಫೀಜು ಕೊಟ್ಟು ಬೇರೆ ಶಾಲೆಗೆ ಕಳುಹಿಸುತ್ತಿರುವಾಗ ಈ ಚಿಂತೆ ನಮಗೇಕೆ? ಎಂಬುದು. ಇದಕ್ಕೆ ಉತ್ತರವನ್ನು ನಮ್ಮ ಶಾಲೆಯ ಚರಿತ್ರೆಯೇ ಹೇಳೀತು. ಹೆಣ್ಣುಮಕ್ಕಳಿಗೆ ಓದು ಏತಕ್ಕೆಂದು ಊರೆಲ್ಲ ನಗುತ್ತಿದ್ದ ಕಾಲದಲ್ಲಿ ಮಿಷನ್ ಶಾಲೆಗಳೂ, 1881ರಲ್ಲಿ ಮೈಸೂರಿನಲ್ಲಿ ಆರಂಭವಾದ ಮಹಾರಾಣಿ ಬಾಲಿಕಾ ಪಾಠಶಾಲೆಯೂ, ತಮ್ಮವರಲ್ಲದವರ ಹೆಣ್ಣುಮಕ್ಕಳ ಚಿಂತೆಯನ್ನು ಯಾರೋ ತಮ್ಮದನ್ನಾಗಿ ಮಾಡಿಕೊಂಡುದರಿಂದಲ್ಲವೆ ನಡೆದುವು? ಅದರ ಫಲವನ್ನುಂಡ ನಾವು ‘ನಮಗೇಕೆ?’ ಎಂದರೆ ಸಾಲವನ್ನು ಮರೆತಂತೆ.

ಮತ್ತೊಂದು ಮಾತು ಹೆಣ್ಣುಮಕ್ಕಳ ತಾಯಂದಿರ ಮನಸ್ಸಿಗೆ ನಾಟಬೇಕು. ಶಿಕ್ಷಣ ಹಕ್ಕಿನ ಕಾಯಿದೆಯು ಕೈಹಿಡಿದು ನಡೆಯಿಸುವುದು ಆರರಿಂದ ಹದಿನಾಲ್ಕು ವಯಸ್ಸಿನವರೆಗೆ, ಎಂದರೆ ಎಂಟನೆಯ ತರಗತಿಯವರೆಗೆ ಮಾತ್ರ. ಹಳ್ಳಿಯ ಶಾಲೆ ಏಳಕ್ಕೋ ಎಂಟಕ್ಕೋ ಮುಗಿಯುತ್ತದೆ, ಹೈಸ್ಕೂಲು ಪೇಟೆಯಲ್ಲಿ. ಬಸ್ಸಿನ ವೇಳೆ ಹೊಂದದಿದ್ದರೆ, ದಾರಿಯಲ್ಲಿ ದೀಪವಿಲ್ಲದಿದ್ದರೆ, ಶಾಲೆಯಲ್ಲಿ ಶೌಚಗೃಹಕ್ಕೆ ಬಾಗಿಲಿಲ್ಲದಿದ್ದರೆ, ಗಂಡುಹುಡುಗನು ಹೇಗೋ ಹೋದಾನು, ಹುಡುಗಿಯು ಮನೆಯಲ್ಲಿ ಉಳಿಯುವಳು. ಯಾರೂ ಆಕೆಯನ್ನು ಶಾಲೆಯಿಂದ ಹೊರಗೆ ಹಾಕಲಿಲ್ಲ. ಆದರೂ ಆಕೆ ಹೊರಗಾದಳು. ಈ ನಷ್ಟವು ಯಾವ ಕಛೇರಿಯ ಕಡತದಲ್ಲಿಯೂ ಅಪರಾಧವೆಂದು ಬರೆಯಲ್ಪಡುವುದಿಲ್ಲ. ಕೊಠಡಿ, ಶೌಚಗೃಹ, ಉಪಾಧ್ಯಾಯರ ಸಂಖ್ಯೆ ಇವೆಲ್ಲವನ್ನೂ ಪ್ರತಿಯೊಂದು ಶಾಲೆಯೂ ವರ್ಷಕ್ಕೊಮ್ಮೆ ಯುಡೈಸ್ ಎಂಬ ಸರ್ಕಾರದ ಲೆಕ್ಕಕ್ಕೆ ಒಪ್ಪಿಸುತ್ತದೆ. ಬಾಗಿಲಿಲ್ಲದ ಶೌಚಗೃಹವು ಆ ಲೆಕ್ಕದಲ್ಲಿ ‘ಇದೆ’ ಎಂದೇ ಎಣಿಕೆಯಾಗಬಹುದು. ಅದನ್ನು ಕಣ್ಣಾರೆ ನೋಡಿ ಹೌದೆನ್ನುವುದಕ್ಕೂ ಅಲ್ಲವೆನ್ನುವುದಕ್ಕೂ ಒಬ್ಬ ತಾಯಿ ಬೇಕು.

ಆದುದರಿಂದ ಹಳೆಯ ವಿದ್ಯಾರ್ಥಿನಿಯರಾದ ಸೋದರಿಯರಲ್ಲಿಯೂ, ಪೋಷಕ ಮಹಾಶಯರಲ್ಲಿಯೂ ನನ್ನ ಬಿನ್ನಹವಿದು. ಆ ಸಮಿತಿಯ ಸ್ಥಾನ ನಮ್ಮದಲ್ಲ. ಆ ಶಾಲೆಯಲ್ಲಿ ಓದುವ ಮಕ್ಕಳ ತಂದೆತಾಯಿಗಳದು. ನಾವು ಅಲ್ಲಿ ಹೋಗಿ ಯಜಮಾನಿಕೆ ಮಾಡುವುದು ಬೇಡ. ಹಳೆಯ ಬಟ್ಟೆಗಳನ್ನು ಹಂಚಿ ಪುಣ್ಯ ಬಂದಿತೆಂದು ಹಿಗ್ಗುವುದೂ ಬೇಡ. ನಮ್ಮ ಮನೆಯಲ್ಲಿ ಪಾತ್ರೆ ತೊಳೆಯುವ, ನಮ್ಮ ಅಡಿಕೆಯನ್ನು ಸುಲಿಯುವ ತಾಯಿಯನ್ನು, “ನಿನ್ನ ಮಗಳ ಶಾಲೆಯ ಸಮಿತಿಯಲ್ಲಿ ಯಾರಿದ್ದಾರೆ?” ಎಂದು ಕೇಳೋಣ. ಸಭೆಯ ದಿನ ಆಕೆಗೆ ಕೂಲಿಯನ್ನು ಹಿಡಿಯದೆ ರಜೆ ಕೊಡೋಣ. ನಡವಳಿಯನ್ನು ಓದಲು ಬಾರದಿದ್ದರೆ ಓದಿ ಹೇಳೋಣ. ಅರ್ಜಿಯನ್ನು ಯಾವ ಕಛೇರಿಗೆ ಬರೆಯಬೇಕೋ ಅದಕ್ಕೇ ಬರೆದುಕೊಟ್ಟು, ಸ್ವೀಕೃತಿಯ ಮೊಹರು ಹಾಕಿಸಿಕೊಂಡು ಬರಲು ಕಲಿಸೋಣ. ನಾವು ಕಲಿತ ಅಕ್ಷರಕ್ಕೆ ಇದಕ್ಕಿಂತ ಹತ್ತಿರದ ಉಪಯೋಗ ನನಗೆ ಕಾಣದು.

ಆ ತಾಯಿಯ ಅರ್ಜಿಯನ್ನು ಅನಂತರ ನಾವಿಬ್ಬರೂ ಕುಳಿತು ಪುನಃ ಬರೆದೆವು. ಈ ಸಾರಿ ಅದು ಸಮಿತಿಯ ಮುಂದೆ ಹೋಯಿತು. ಮಾಳಿಗೆ ಮರುದಿನವೇ ಸರಿಹೋಯಿತೆಂದು ಬರೆದರೆ ಸುಳ್ಳಾದೀತು. ಒಂದು ಮಳೆಗಾಲ ಕಳೆದೇ ಹೋಯಿತು. ಆದರೆ ಮುಂದಿನ ಸಮಿತಿಯ ಸದಸ್ಯರನ್ನು ಆರಿಸುವ ಪೋಷಕರ ಸಭೆಗೆ ಆಕೆ ಯಾರೂ ಕರೆಯದೆ ತಾನೇ ಹೋದಳು. ಮರಳಿ ಬಂದು, “ಅಮ್ಮಾ, ಯಜಮಾನರಿಲ್ಲವೆಂದು ಅಂದಿದ್ದೆ. ನಾವೇ ಅಂತೆ” ಎಂದಳು. ನನ್ನ ಹಳೆಯ ಉತ್ತರಕ್ಕೆ ಪ್ರಾಯಶ್ಚಿತ್ತವಾಗಿ ಈ ನಾಲ್ಕು ಮಾತುಗಳನ್ನು ಬರೆದಿರುವೆನು.