ಬಿದ್ದವನನ್ನು ಎತ್ತುವವರು ಯಾರು?

ಹೆವಿ ರಾಕ್ ಸಂಗೀತದ ಮಾತು ಬಂದೊಡನೆ ಮೂಗು ಮುರಿಯುವ ಮಹಾಶಯರು ನಮ್ಮಲ್ಲಿ ಕಡಿಮೆಯಿಲ್ಲ. ಅದು ಸಂಗೀತವೇ ಅಲ್ಲ, ಬರಿಯ ಗದ್ದಲ. ಕೇಳಲು ಹೋಗುವವರು ತಲೆ ಕೆದರಿಕೊಂಡ ಪುಂಡರು. ಅಲ್ಲಿ ಅನಾಹುತವಾದರೆ ಅದು ಆ ಪುಂಡರದೇ ತಪ್ಪು. ಇದು ಈ ಮಹಾಶಯರ ತೀರ್ಪು. ದಿನಕ್ಕೆ ಎಂಟು ಗಂಟೆ ಮಗ್ಗಗಳ ನಡುವೆ ನಿಂತು ಬರುವವರಿಗೆ ಗದ್ದಲವೆಂದರೇನೆಂದು ಇವರು ಕಲಿಸಬೇಕಾಗಿಲ್ಲ. ಆ ಹಾಡು ಯಾರಿಗೆ ರುಚಿಸುತ್ತದೆ, ಯಾರಿಗೆ ರುಚಿಸದು ಎಂಬುದೂ ನಮ್ಮ ವಾದವಲ್ಲ. ದುಡ್ಡು ಕೊಟ್ಟು ಟಿಕೆಟ್ ಕೊಂಡ ಅಭಿಮಾನಿಯನ್ನು ಬಾಗಿಲ ಹೊರಗೆ ದನದಂತೆ ನಿಲ್ಲಿಸಿ, ಆಮೇಲೆ ಅವನನ್ನೇ ದನವೆಂದು ಬಯ್ಯುವುದು ಯಾವ ನ್ಯಾಯ? ಇದು ನಮ್ಮ ಪ್ರಶ್ನೆ.

ಮೊದಲು ಈ ಗದ್ದಲ ಹುಟ್ಟಿದ್ದು ಎಲ್ಲಿ ಎಂಬುದನ್ನು ತಿಳಿಯೋಣ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಕಾರ್ಖಾನೆಗಳ ಊರು. ಅಲ್ಲಿಯ ಆಸ್ಟನ್ ಕಾರ್ಮಿಕರ ಕೇರಿ. ಟೋನಿ ಐಯೋಮಿ ಎಂಬ 17 ವರ್ಷದ ಹುಡುಗ ಲೋಹದ ತಗಡಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ. ಒಂದು ದಿನ ಬೇರೊಬ್ಬ ಕೆಲಸಕ್ಕೆ ಬಾರದಿದ್ದಾಗ, ಅಭ್ಯಾಸವಿಲ್ಲದ ಯಂತ್ರದ ಮುಂದೆ ಇವನನ್ನು ನಿಲ್ಲಿಸಿದರು. ಯಂತ್ರ ಅವನ ಬಲಗೈಯ ಎರಡು ಬೆರಳುಗಳ ತುದಿಯನ್ನು ಕಿತ್ತುಕೊಂಡಿತು. ಎಡಚನಾದ ಅವನು ಗಿಟಾರಿನ ತಂತಿ ಒತ್ತುತ್ತಿದ್ದದ್ದು ಆ ಕೈಯಿಂದಲೇ. ಹುಡುಗ ಎದೆಗುಂದಲಿಲ್ಲ. ಪ್ಲಾಸ್ಟಿಕ್ ಬಾಟಲಿಯನ್ನು ಕರಗಿಸಿ ಬೆರಳಿಗೆ ಟೋಪಿ ಮಾಡಿ, ಅದಕ್ಕೆ ಚರ್ಮ ಅಂಟಿಸಿ, ತೆಳುವಾದ ತಂತಿಗಳನ್ನು ಹಾಕಿ, ಮುಂದೆ ಅವನ್ನು ಸಡಿಲಿಸಿಯೂ ನುಡಿಸಿದ. ಅವನ ಭಾರವಾದ ನಾದವೇ 1970ರಲ್ಲಿ ಬ್ಲ್ಯಾಕ್ ಸಬ್ಬತ್ ತಂಡದ ಮೊದಲ ಧ್ವನಿಮುದ್ರಿಕೆಯಾಗಿ ಹೊರಬಿತ್ತು. ಆ ತಂಡದ ಹಾಡುಗಾರ ಆಜ಼ಿ ಆಸ್‌ಬರ್ನ್ ಕಸಾಯಿಖಾನೆಯಲ್ಲಿ ದುಡಿದವನು. ಮಹಾಶಯರು ಮೂಗು ಮುರಿಯುವ ಈ ಸಂಗೀತಕ್ಕೆ ಕೂಲಿಕಾರನ ಕೈ ಬೆಲೆ ತೆತ್ತಿದೆ.

ಇಂಥ ಕಚೇರಿಗೆ ಹೋಗುವವನ ಪಾಡೇನು? ಬಹಳ ಕಡೆ ಕುರ್ಚಿಯಿಲ್ಲ, ನಂಬರಿಲ್ಲ. ಮುಂಚೆ ಬಂದವನಿಗೆ ಮುಂದಿನ ಜಾಗ. ಆದ್ದರಿಂದ ಸಂಜೆಯ ಹಾಡಿಗೆ ಮಧ್ಯಾಹ್ನದಿಂದಲೇ ಬಿಸಿಲಲ್ಲಿ ಸಾಲು ನಿಲ್ಲಬೇಕು. ಕೈಯಲ್ಲಿದ್ದ ನೀರಿನ ಬಾಟಲಿಯನ್ನು ಬಾಗಿಲಲ್ಲಿ ಕಿತ್ತುಕೊಳ್ಳುತ್ತಾರೆ. ಒಳಗೆ ಅದೇ ನೀರಿಗೆ ಅವರು ಹೇಳಿದ್ದೇ ದರ. ಇಷ್ಟೆಲ್ಲ ಸಹಿಸಿ ಒಳಗೆ ಹೋದವನು ವೇದಿಕೆಯ ಮುಂದೆ ಕುಣಿಯುತ್ತಾನೆ, ಮೈಗೆ ಮೈ ತಾಗಿಸಿ ನೂಕಾಡುತ್ತಾನೆ. ನೋಡುವವರ ಕಣ್ಣಿಗೆ ಅದು ಹೊಡೆದಾಟ. ಆದರೆ ಆ ನೂಕಾಟಕ್ಕೂ ಒಂದು ಕಟ್ಟಳೆಯಿದೆ: ಯಾರಾದರೂ ಬಿದ್ದರೆ ಸುತ್ತಲಿನವರು ಕೂಡಲೇ ಎತ್ತಿ ನಿಲ್ಲಿಸಬೇಕು. ಪುಂಡರೆನಿಸಿಕೊಂಡವರು ಪಾಲಿಸುವ ಈ ಕಟ್ಟಳೆ ಬಾಗಿಲು ಕಾಯುವ ಧಣಿಗಳಿಗೆ ಗೊತ್ತಿದೆಯೇ?

1979ರ ಡಿಸೆಂಬರ್ 3ರಂದು ಅಮೆರಿಕದ ಸಿನ್ಸಿನಾಟಿಯಲ್ಲಿ ‘ದಿ ಹೂ’ ಎಂಬ ರಾಕ್ ತಂಡದ ಕಚೇರಿಯಿತ್ತು. ಸಾವಿರಾರು ಜನ ಚಳಿಯಲ್ಲಿ ಹೊರಗೆ ಕಾದಿದ್ದರು. ಒಳಗೆ ವಾದ್ಯಗಳನ್ನು ಪರೀಕ್ಷಿಸುವ ಸದ್ದು ಕೇಳಿ ಹಾಡು ಶುರುವಾಯಿತೆಂದು ಹಿಂದಿನವರು ಮುಂದೊತ್ತಿದರು. ಮುಂದೆ ತೆರೆದಿದ್ದದ್ದು ಕೆಲವೇ ಬಾಗಿಲು. 11 ಮಂದಿ ಅಲ್ಲಿಯೇ ಸತ್ತರು. ಕಚೇರಿ ಮುಗಿಯುವವರೆಗೂ ವಾದ್ಯಗಾರರಿಗೆ ಸುದ್ದಿ ತಿಳಿಸಲಿಲ್ಲ. ಆಮೇಲೆ ದೂರಿದ್ದು ಯಾರನ್ನು? ಪ್ರೇಕ್ಷಕರನ್ನೇ!

ನಮ್ಮ ಪತ್ರಿಕೆಗಳೂ ಇಂಥ ಸಾವಿಗೆ ‘ಕಾಲ್ತುಳಿತ’ ಎಂದು ಹೆಸರಿಟ್ಟಿವೆ. ಆ ಮಾತೇ ತಪ್ಪನ್ನು ಜನರ ಕಾಲಿನ ಮೇಲೆ ಹೊರಿಸುತ್ತದೆ. ಸಿನ್ಸಿನಾಟಿಯಲ್ಲಿ ಸತ್ತವರು ಎದೆ ಅದುಮಿ ಉಸಿರು ಕಟ್ಟಿ ಸತ್ತರು. ಇಕ್ಕಟ್ಟಿನಲ್ಲಿ ಎದೆ ಹಿಗ್ಗಲು ಎಡೆಯಿಲ್ಲದಿದ್ದರೆ ನಿಂತವನು ನಿಂತಲ್ಲೇ ಸಾಯುತ್ತಾನೆ. ಹಿಂದಿನಿಂದ ಒತ್ತುವವನಿಗೆ ಮುಂದಿನವನ ಸ್ಥಿತಿ ಕಾಣದು. ಅದನ್ನು ಕಾಣಬಲ್ಲವನು, ಇನ್ನಷ್ಟು ಬಾಗಿಲು ತೆರೆಯಬಲ್ಲವನು, ಬೀಗದ ಕೈ ಇಟ್ಟುಕೊಂಡವನು ಮಾತ್ರ. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕ್ರಿಕೆಟ್ ಗೆಲುವಿನ ಸಂಭ್ರಮಕ್ಕೆ ಬಂದವರಲ್ಲಿಯೂ 11 ಮಂದಿ ಸತ್ತರು. ಹಾಡಾಗಲಿ ಆಟವಾಗಲಿ, ಸಾಯುವವನು ಅಭಿಮಾನಿಯೇ.

ಅಭಿಮಾನಿಗಳು ಹುಟ್ಟು ಪುಂಡರೆಂಬ ವಾದವನ್ನು ನಮ್ಮ ದೇಶದಲ್ಲಿಯೇ ಪರೀಕ್ಷಿಸಬಹುದು. 2011ರ ಅಕ್ಟೋಬರ್ 28ರಂದು ಗುರಗಾಂವಿಗೆ ಮೆಟಾಲಿಕಾ ತಂಡ ಬಂದಿತ್ತು. ವೇದಿಕೆಯ ಮುಂದಿನ ತಡೆಗಟ್ಟು ಭದ್ರವಾಗಿರಲಿಲ್ಲ. ಗಂಟೆಗಟ್ಟಲೆ ಕಾದ ಜನರಿಗೆ ಕಡೆಗೆ ಕಚೇರಿಯಿಲ್ಲವೆಂದರು. ರೊಚ್ಚಿಗೆದ್ದವರು ವೇದಿಕೆಗೆ ನುಗ್ಗಿ ಒಡೆದರು. ಒಡೆದದ್ದು ಸರಿಯೆಂದು ನಾವು ಹೇಳುವುದಿಲ್ಲ. ಆದರೆ ಪೊಲೀಸರು ಸಂಘಟಕರ ಕಡೆಯ ನಾಲ್ವರನ್ನು ಬಂಧಿಸಿದ್ದನ್ನು ಮರೆಯಬಾರದು. ಎರಡೇ ದಿನದ ಮೇಲೆ, ಅಕ್ಟೋಬರ್ 30ರಂದು, ಬೆಂಗಳೂರಿನ ಅರಮನೆ ಮೈದಾನದಲ್ಲಿ ಅದೇ ತಂಡ ಸಾವಿರಾರು ಜನರ ಮುಂದೆ ನುಡಿಸಿತು. ಅದೇ ಹಾಡು, ಅದೇ ಬಗೆಯ ಹುಡುಗರು. ವ್ಯತ್ಯಾಸ ಎಲ್ಲಿತ್ತು? ವ್ಯವಸ್ಥೆಯಲ್ಲಿ!

ಇನ್ನು ಟಿಕೆಟ್ಟಿನ ಮಾತು. ಟಾಕೀಸಿನ ಮುಂದೆ ಬ್ಲ್ಯಾಕಿನಲ್ಲಿ ಟಿಕೆಟ್ ಮಾರುವವನನ್ನು ಪೊಲೀಸರು ಹಿಡಿಯುವುದನ್ನು ನಾವೆಲ್ಲ ಕಂಡಿದ್ದೇವೆ. ಈಗ ಅದೇ ಕಸುಬನ್ನು ಕಂಪನಿಯೇ ನಡೆಸುತ್ತದೆ. 2024ರಲ್ಲಿ ಬ್ರಿಟನ್ನಿನಲ್ಲಿ ಓಯಸಿಸ್ ಎಂಬ ರಾಕ್ ತಂಡದ ಕಚೇರಿಗೆ ನಿಂತು ನೋಡುವ 135 ಪೌಂಡಿನ ಟಿಕೆಟ್, ಜನ ಕಾದು ಸರದಿ ಬರುವಷ್ಟರಲ್ಲಿ 355 ಪೌಂಡಾಗಿತ್ತು. ಅಮೆರಿಕದಲ್ಲಿ 2010ರಲ್ಲಿ ಲೈವ್ ನೇಷನ್, ಟಿಕೆಟ್‌ಮಾಸ್ಟರ್ ಎಂಬ ಎರಡು ಕಂಪನಿಗಳು ಒಂದಾದವು. ಕಚೇರಿ ಏರ್ಪಡಿಸುವವನೂ ಅವನೇ, ಅನೇಕ ಕಡೆ ರಂಗಮಂದಿರವೂ ಅವನದೇ, ಟಿಕೆಟ್ ಮಾರುವವನೂ ಅವನೇ. ಸಂತೆಯ ಮೈದಾನ, ತಕ್ಕಡಿ, ದಲ್ಲಾಳಿ ಮೂರೂ ಒಬ್ಬನ ಕೈಯಲ್ಲಿದ್ದರೆ ಏನಾಗುತ್ತದೆಂದು ನಮ್ಮ ಸಣ್ಣ ವ್ಯಾಪಾರಿಗಳಿಗೆ ಬಿಡಿಸಿ ಹೇಳಬೇಕಿಲ್ಲ. 2024ರ ಮೇ ತಿಂಗಳಲ್ಲಿ ಅಮೆರಿಕದ ಸರ್ಕಾರವೇ ಈ ಏಕಸ್ವಾಮ್ಯದ ವಿರುದ್ಧ ದಾವೆ ಹೂಡಬೇಕಾಯಿತು.

ದುಡಿಯುವವನಿಗೆ ಇಂಥ ಶೋಕಿ ಏಕೆ ಎನ್ನುವವರಿದ್ದಾರೆ. ಹೊಟ್ಟೆಗೆ ಹಿಟ್ಟು ಬೇಕು, ನಿಜ. ಆದರೆ ದುಡಿದವನಿಗೆ ಒಂದು ಸಂಜೆಯ ಸಂತೋಷ ಬೇಡವೇ? 2025ರ ಜುಲೈ 5ರಂದು ಅದೇ ಆಸ್ಟನ್ನಿನ ವಿಲ್ಲಾ ಪಾರ್ಕಿನಲ್ಲಿ ಆಜ಼ಿ ಆಸ್‌ಬರ್ನ್ ಕಡೆಯ ಬಾರಿ ಹಾಡಿದ. ಪಾರ್ಕಿನ್ಸನ್ ರೋಗದಿಂದ ನಿಲ್ಲಲಾರದೆ ಕುರ್ಚಿಯಲ್ಲಿ ಕುಳಿತೇ ಹಾಡಿದ. ಪಕ್ಕದಲ್ಲಿ ಐಯೋಮಿ ಅದೇ ಮೊಂಡು ಬೆರಳುಗಳಿಂದ ನುಡಿಸಿದ. ಹದಿನೇಳು ದಿನಗಳಲ್ಲಿ ಆಜ಼ಿ ತೀರಿಕೊಂಡ. ಅವನನ್ನು ಕಳುಹಿಸಿಕೊಡಲು ಬರ್ಮಿಂಗ್‌ಹ್ಯಾಮಿನ ಬೀದಿಯಲ್ಲಿ ಸಾವಿರಾರು ಜನ ನೆರೆದರು. ಇದು ಶೋಕಿಯೇ?

ನಮ್ಮ ಬೇಡಿಕೆ ದೊಡ್ಡದಲ್ಲ. ಜನರ ಸಂಖ್ಯೆಗೆ ತಕ್ಕಷ್ಟು ಬಾಗಿಲುಗಳಿರಲಿ, ಹೊತ್ತಿಗೆ ಮುಂಚೆ ತೆರೆಯಲಿ. ಕುಡಿಯುವ ನೀರು ಪುಕ್ಕಟೆ ಸಿಗಲಿ. ಮೊದಲು ಸಾರಿದ ದರಕ್ಕೇ ಟಿಕೆಟ್ ಮಾರಲಿ. ಅನಾಹುತವಾದರೆ ಲಾಭ ಎಣಿಸಿದವನೇ ಮೊದಲು ಉತ್ತರ ಹೇಳಲಿ. ಸಿನ್ಸಿನಾಟಿ ನಗರವು ದುರಂತ ನಡೆದ ಅದೇ ತಿಂಗಳು, ನಂಬರಿಲ್ಲದ ಜಾಗಕ್ಕೆ ಟಿಕೆಟ್ ಮಾರುವುದನ್ನು ನಿಷೇಧಿಸಿತು. 11 ಹೆಣ ಬಿದ್ದ ಮೇಲೆ ಮಾಡಲು ಸಾಧ್ಯವಾದದ್ದನ್ನು ಮುಂಚೆಯೇ ಮಾಡಲು ಏನು ಅಡ್ಡಿ?