ನಾಲ್ಕೂವರೆಗೆ ಮುಚ್ಚುವ ಬಾಗಿಲು

ಬಿ.ಪಿ., ಸಕ್ಕರೆ ಕಾಯಿಲೆಗಳಿಗೆ ಆಫೀಸ್ ಟೈಮ್ ಗೊತ್ತಿಲ್ಲ. ಸರ್ಕಾರಿ ಆಸ್ಪತ್ರೆಗೆ ಮಾತ್ರ ಅದು ಚೆನ್ನಾಗಿ ಗೊತ್ತು.

ಹಳ್ಳಿಗಳ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹೊರರೋಗಿಗಳನ್ನು ನೋಡುವುದು ಸಾಮಾನ್ಯವಾಗಿ ಬೆಳಿಗ್ಗೆ ಒಂಬತ್ತರಿಂದ ಸಂಜೆ ನಾಲ್ಕೂವರೆಯವರೆಗೆ. ನಡುವೆ ಊಟದ ಬಿಡುವು ಬೇರೆ. ಪೇಟೆಯ ಅಂಗಡಿಗೆ, ಗಾರ್ಮೆಂಟ್ಸಿಗೆ, ಗಾರೆ ಕೆಲಸಕ್ಕೆ ಹೋಗುವವರು ಎಂಟರ ಬಸ್ಸಿಗೇ ಊರು ಬಿಟ್ಟಿರುತ್ತಾರೆ. ವಾಪಸ್ ಬಂದು ಇಳಿಯುವಾಗ ದೀಪ ಹಚ್ಚುವ ಹೊತ್ತು. ಅಂಗಡಿ ಇಟ್ಟವರ ಪಾಡೂ ಅಷ್ಟೇ. ಬಾಗಿಲೆಳೆದು ಹೋದರೆ ಗಿರಾಕಿ ಪಕ್ಕದಂಗಡಿಗೆ. ಪುಕ್ಕಟೆ ಮಾತ್ರೆಗಾಗಿ ಒಂದು ದಿನದ ಸಂಪಾದನೆ ಖೋತಾ ಆದರೆ ಅದು ಪುಕ್ಕಟೆ ಹೇಗಾದೀತು?

ಹಾಗಾಗಿ ಮೆಡಿಕಲ್ ಸ್ಟೋರೇ ಗತಿ. ಹಳೇ ಚೀಟಿ ತೋರಿಸಿ 'ಅದೇ ಕೊಡಪ್ಪಾ' ಅಂದರೆ ಮುಗೀತು. ಬಿ.ಪಿ. ಎಷ್ಟಿದೆ, ಮಾತ್ರೆ ಬದಲಿಸಬೇಕೇ ಎಂದು ನೋಡುವವರಿಲ್ಲ. ಕೈಯಲ್ಲಿ ಕಾಸಿಲ್ಲದ ತಿಂಗಳು ಒಂದು ಮಾತ್ರೆ ಅರ್ಧವಾಗುತ್ತೆ. ಕಾಯಿಲೆ ಏರಿದ್ದು ಗೊತ್ತಾಗುವುದು ಲಕ್ವ ಹೊಡೆದ ದಿನ.

ಆಗ ಸರ್ಕಾರ ದೊಡ್ಡ ಮನಸ್ಸು ಮಾಡುತ್ತೆ. 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಂಟು. ಒಳ್ಳೆಯದೇ. ಆದರೆ ಆ ದುಡ್ಡು ಆಸ್ಪತ್ರೆಯಲ್ಲಿ ಮಲಗಿದವನಿಗೆ. ಮಲಗದ ಹಾಗೆ ನೋಡಿಕೊಳ್ಳುವ ತಿಂಗಳ ಮಾತ್ರೆಗಲ್ಲ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ.

ಡಾಕ್ಟರನ್ನು ಬೈದು ಪ್ರಯೋಜನವಿಲ್ಲ. ಬಯಲುಸೀಮೆಯಲ್ಲಿ 30,000, ಗುಡ್ಡಗಾಡಿನಲ್ಲಿ 20,000 ಜನಕ್ಕೊಂದು ಕೇಂದ್ರ ಎಂಬುದು ಲೆಕ್ಕ. ಎಷ್ಟೋ ಕಡೆ ಇರುವವರು ಒಬ್ಬರೇ ಡಾಕ್ಟರು. ತಾಲ್ಲೂಕಿನ ಮೀಟಿಂಗು, ತರಬೇತಿ, ವರದಿ ಎಲ್ಲ ಅವರ ತಲೆಗೇ. 'ಇನ್ನೆರಡು ಗಂಟೆ ಕೂತ್ಕೊಳ್ಳಿ ಸ್ವಾಮಿ' ಅಂದರೆ ಯಾರು ತಾನೇ ಕೂತಾರು?

ಹಾಗಾದರೆ ಅಡ್ಡಿ ಎಲ್ಲಿ? ಕೇಂದ್ರ ಸರ್ಕಾರದ 2012ರ ಮಾನದಂಡ ಹೇಳಿದ್ದು ದಿನಕ್ಕೆ ಆರು ಗಂಟೆ: ಬೆಳಿಗ್ಗೆ ನಾಲ್ಕು, ಮಧ್ಯಾಹ್ನ ಎರಡು. ವೇಳಾಪಟ್ಟಿ ರಾಜ್ಯಕ್ಕೆ ಬಿಟ್ಟದ್ದು. ಅಂದರೆ ಹೊತ್ತು ಬದಲಿಸುವ ಅವಕಾಶ ಆ ಕಾಗದದಲ್ಲೇ ಇತ್ತು. ಕಚೇರಿ ವೇಳೆಯ ರೂಢಿ ಅದನ್ನು ನುಂಗಿತು.

ಪಕ್ಕದ ಕೇರಳ 2017ರಲ್ಲಿ 'ಆರ್ದ್ರಂ' ಯೋಜನೆ ತಂದು, ಪ್ರಾಥಮಿಕ ಕೇಂದ್ರಗಳನ್ನು ಕುಟುಂಬ ಆರೋಗ್ಯ ಕೇಂದ್ರಗಳಾಗಿ ಮಾಡಲು ಹೊರಟಿತು. ಅಲ್ಲಿ ಸಂಜೆ ಆರರವರೆಗೆ ರೋಗಿಗಳನ್ನು ನೋಡುವ ಏರ್ಪಾಡಾಯಿತು. ಹೊತ್ತು ಹೆಚ್ಚಿಸಿ ಸುಮ್ಮನಾಗಲಿಲ್ಲ. ಡಾಕ್ಟರು, ನರ್ಸುಗಳ ಹುದ್ದೆಯನ್ನೂ ಹೆಚ್ಚಿಸಿದರು. ಗುಟ್ಟಿರುವುದು ಅಲ್ಲೇ.

ಇಲ್ಲಿ ಅಷ್ಟು ಬೇಗ ಹುದ್ದೆ ಬರಲಿಕ್ಕಿಲ್ಲ. ವಾರಕ್ಕೆ ಎರಡು ಸಂಜೆಯಾದರೂ ಎಂಟರವರೆಗೆ ಬಾಗಿಲು ತೆಗೆಯಬಹುದಲ್ಲ? ಆ ದಿನ ಕೆಲಸ ಮಧ್ಯಾಹ್ನ ಶುರುವಾಗಲಿ. ಮುದುಕರು, ಮಕ್ಕಳ ತಾಯಂದಿರಿಗೆ ಉಳಿದ ದಿನಗಳ ಬೆಳಗು ಇದ್ದೇ ಇದೆ. ರಾತ್ರಿ ಮನೆಗೆ ಹೋಗುವ ನರ್ಸಮ್ಮನಿಗೆ ವಾಹನ ಬೇಕು, ಔಷಧ ಕೊಡುವವರೂ ಕೂತಿರಬೇಕು. ಅದಕ್ಕೆ ದುಡ್ಡು, ಆದೇಶ ಎರಡೂ ಬೇಕು. ಬರೀ ಸುತ್ತೋಲೆಯಿಂದ ಆಗುವ ಕೆಲಸವಲ್ಲ.

ಕೇಳುವ ಜಾಗ ಉಂಟು. ಕೇಂದ್ರಗಳಿಗೆ ಆರೋಗ್ಯ ರಕ್ಷಾ ಸಮಿತಿ ಎಂಬುದಿದೆ. ಬಸ್‌ಸ್ಟ್ಯಾಂಡಿನಲ್ಲಿ ಗೊಣಗುವ ಮಾತನ್ನು ವರ್ತಕರು, ಪಂಚಾಯ್ತಿ ಸದಸ್ಯರು ಅಲ್ಲಿ ಅರ್ಜಿ ಮಾಡಿ ಕೊಡಲಿ; ನಕಲು ಜಿಲ್ಲಾ ಆರೋಗ್ಯಾಧಿಕಾರಿಗೆ ಹೋಗಲಿ.

ಸಂತೆ ಯಾವ ದಿನ ಎಂದು ಗೊತ್ತುಮಾಡುವಾಗ ಊರವರು ಜನ ಬರುವ ದಿನವನ್ನೇ ನೋಡುತ್ತಾರೆ. ಸೊಪ್ಪು ಮಾರುವವಳಿಗೆ ಇರುವ ಈ ಬುದ್ಧಿ ಇಲಾಖೆಗೆ ಬರುವುದು ಯಾವಾಗ?